ಗಾಳಿ ಊರಿನಲ್ಲಿ ರೇಸ್‌ಗೆ ತಯಾರಿ: ನನ್ನ ಅನುಭವ

ಚಿತ್ರದುರ್ಗದಲ್ಲಿ ಸೈಕಲ್ ರೇಸ್‌ಗೆ ತಯಾರಾಗುವವರು ಮೊದಲು ಸ್ಪೀಡ್ ನೋಡುವುದನ್ನು ಬಿಡಬೇಕು. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಂತಿರುವ ಸೀಮೆ ಇದು. ಮಳೆಗಾಲದಲ್ಲಿ ಭರಮಸಾಗರದ ಕಡೆ ಹೊರಟರೆ ಗಂಟೆಗೆ 22 ಕಿಲೋಮೀಟರ್ ದಾಟಿಸಲು ಏದುಸಿರು ಬರುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ 40 ಸಲೀಸು. ಅದಕ್ಕೇ ನಾನು ಪವರ್ ಮೀಟರ್ ನಂಬುತ್ತೇನೆ. ಗಾಳಿ ಯಾವ ಕಡೆಯಿಂದ ಬೀಸಲಿ, ಕಾಲು ಎಷ್ಟು ವಾಟ್ ಕೆಲಸ ಮಾಡುತ್ತಿದೆ ಅಂತ ಅದು ಹೇಳುತ್ತದೆ.

ಜೋಗಿಮಟ್ಟಿ ಏರಿನಲ್ಲಿ 20 ನಿಮಿಷ ಪೂರ್ತಿ ಜೋರಾಗಿ ತುಳಿಯುತ್ತೇನೆ. ಬಂದ ಸರಾಸರಿ ವಾಟ್‌ನಲ್ಲಿ ಶೇ 95 ಅಂದರೆ ನನ್ನ ಎಫ್‌ಟಿಪಿ, ಸುಮಾರು ಒಂದು ಗಂಟೆ ಹೊತ್ತು ಎಡೆಬಿಡದೆ ತುಳಿಯಬಲ್ಲ ಗರಿಷ್ಠ ವಾಟ್. ಉಳಿದ ಲೆಕ್ಕವೆಲ್ಲ ಅದರ ಮೇಲೆಯೇ. ವಾರಕ್ಕೆ ಎರಡು ದಿನ ಕಷ್ಟದ ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ, ಮತ್ತೆ ಜೋರು), ಮಿಕ್ಕ ದಿನ ಮಾತಾಡುತ್ತಾ ಓಡಿಸುವಷ್ಟು ನಿಧಾನ.

ಊಟದ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನೆ. ಯುರೋಪಿನ ದೊಡ್ಡ ರೇಸರ್‌ಗಳು ಈಗ ಗಂಟೆಗೆ 100 ಗ್ರಾಂ ದಾಟಿ ಕಾರ್ಬೊಹೈಡ್ರೇಟ್ ತಗೊಳ್ಳುತ್ತಾರೆ. ನನ್ನ ಹೊಟ್ಟೆಗೆ 70 ಸಾಕು. ಅದನ್ನೂ 40ರಿಂದ ಶುರು ಮಾಡಿ ಮೆಲ್ಲಗೆ ಏರಿಸಿದ್ದು. ಕರುಳಿಗೂ ಅಭ್ಯಾಸ ಬೇಕಲ್ವಾ? ಲೀಟರ್ ನೀರಿಗೆ 60 ಗ್ರಾಂ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅರ್ಧ ನಿಂಬೆಹಣ್ಣು ಹಿಂಡಿ, ಕಾಲು ಚಮಚ ಉಪ್ಪು ಹಾಕುತ್ತೇನೆ. ಸೋಸದಿದ್ದರೆ ಬಾಟಲಿಯ ಮೂತಿಗೆ ಕಸ ಸಿಕ್ಕಿಕೊಳ್ಳುತ್ತದೆ. ಬೆಲ್ಲದಲ್ಲಿರುವ ಸಕ್ಕರೆ ದೇಹದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಆಗುತ್ತದೆ. ಕರುಳಿನಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ. ಬರೀ ಗ್ಲೂಕೋಸ್‌ಗಿಂತ ಇದು ಹೆಚ್ಚು ಒಳಗೆ ಹೋಗುತ್ತದೆ. ಬಾಕಿ ಬಾಳೆಹಣ್ಣಿನಿಂದ.

ರೇಸ್ ದಿನ ಬೆಳಿಗ್ಗೆ ಮುದ್ದೆ, ಸೊಪ್ಪು ಮುಟ್ಟುವುದಿಲ್ಲ, ನಾರು ಜಾಸ್ತಿ. ಬಿಳಿ ಅನ್ನ ಇಲ್ಲವೇ ಒಗ್ಗರಣೆ ಹಾಕದ ಮಂಡಕ್ಕಿ ಬೆಲ್ಲ. ಮಂಡಕ್ಕಿಯಷ್ಟು ಹಗುರವಾದ ತಿಂಡಿ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ದಾವಣಗೆರೆ ಬೆಣ್ಣೆ ದೋಸೆ ಏನಿದ್ದರೂ ರೇಸ್ ಮುಗಿದ ಮೇಲೆ, ಜಿಡ್ಡು ಅರಗಲು ಹೊತ್ತು ಬೇಕು. ಮುದ್ದೆ ಬಸ್ಸಾರು ರಾತ್ರಿ ಅವ್ವನ ಕೈಯಿಂದ, ಹೊಟ್ಟೆ ತುಂಬ.

ನೀರಿನ ಲೆಕ್ಕ ಸುಲಭ. ಹೊರಡುವ ಮುಂಚೆ, ಬಂದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದರೆ ಹತ್ತಿರ ಹತ್ತಿರ ಒಂದು ಲೀಟರ್, ದಾರಿಯಲ್ಲಿ ಕುಡಿದದ್ದನ್ನೂ ಕೂಡಿಸಿಕೊಳ್ಳಿ. ಏಪ್ರಿಲ್‌ನಲ್ಲಿ ನನ್ನ ಬೆವರು ಡಿಸೆಂಬರ್‌ಗಿಂತ ಬಹಳ ಜಾಸ್ತಿ. ಜೊತೆಗೆ ಓಡಿಸುವ ದಾವಣಗೆರೆಯ ಗೆಳೆಯನ ತೂಕ ನನ್ನಷ್ಟೇ, ಬೆವರು ಅರ್ಧ. ಅವನ ಬಾಟಲಿಯಲ್ಲಿ ಉಪ್ಪೂ ಕಡಿಮೆ, ಕಷ್ಟದ ರೈಡ್ ಆದ ಮೇಲೆ ಅವನಿಗೆ ಒಂದೇ ದಿನ ವಿಶ್ರಾಂತಿ ಸಾಕು. ನನಗೆ ಎರಡು ದಿನ ಬೇಕೇ ಬೇಕು.