ಯುಕೆನಲ್ಲಿ ಕಿಟ್ ಕಾರ್ ತಗೋತೀರಾ? ಮೊದ್ಲು ಎಂಒಟಿ ಹಿಸ್ಟರಿ ಓದಿ
ಸೆಕೆಂಡ್ ಹ್ಯಾಂಡ್ ಕೇಟರ್‌ಹ್ಯಾಮ್ ಸೆವೆನ್ನೋ ಆ ಥರದ್ದೇ ಇನ್ನೊಂದು ಕಿಟ್ ಕಾರೋ (ಬಿಡಿಭಾಗ ತರಿಸಿ ಮನೇಲೇ ಜೋಡಿಸೋ ಕಾರು) ನೋಡ್ತಿದ್ರೆ, ಅಡ್ವಾನ್ಸ್ ಕೊಡೋಕೆ ಮುಂಚೆ ಗವ್ ಡಾಟ್ ಯುಕೆ ಅನ್ನೋ ಸರ್ಕಾರಿ ಸೈಟಲ್ಲಿ ಅದರ ರಿಜಿಸ್ಟ್ರೇಷನ್ ನಂಬರ್ ಹಾಕಿ ನೋಡಿ. 2005ರಿಂದ ಈಚೆಗಿನ ಎಂಒಟಿ (ಕಾರು ರಸ್ತೇಲಿ ಓಡೋಕೆ ಸುರಕ್ಷಿತವಾ ಅಂತ ನೋಡೋ ಕಡ್ಡಾಯ ಟೆಸ್ಟ್) ರಿಸಲ್ಟ್, ಅವತ್ತು ಕಾರು ಎಷ್ಟು ಮೈಲಿ ಓಡಿತ್ತು ಅನ್ನೋದರ ಸಮೇತ, ಫ್ರೀಯಾಗಿ ಸಿಗತ್ತೆ.

ನಮ್ಮೂರಲ್ಲಿ ಸ್ವಂತ ಕಾರಿಗೆ ಆರ್‌ಟಿಒದಲ್ಲಿ ಎಫ್‌ಸಿ ಅಂದ್ರೆ 15 ವರ್ಷ ಆದ್ಮೇಲಿನ ಮಾತು, ಅಲ್ಲಿವರೆಗೂ ಎಮಿಷನ್ ಟೆಸ್ಟ್ ಮಾಡಿಸ್ಕೊಂಡು ಓಡಾಡ್ತೀವಿ. ಇಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದ್ರೆ ಆಮೇಲೆ ಪ್ರತಿ ವರ್ಷ ಎಂಒಟಿ ಆಗ್ಲೇಬೇಕು (ನಾರ್ದರ್ನ್ ಐರ್ಲೆಂಡಲ್ಲಿ ನಾಲ್ಕು ವರ್ಷ), ಇಲ್ದೆ ಓಡ್ಸಿದ್ರೆ 1000 ಪೌಂಡ್‌ವರೆಗೆ ದಂಡ ಬೀಳಬಹುದು. ಮನೇಲಿ ಜೋಡ್ಸಿದ ಕಾರಿಗೆ ರಿಜಿಸ್ಟ್ರೇಷನ್‌ಗೆ ಮುಂಚೆ ಐವಿಎ ಅಂತ ಒಂದು ಕಟ್ಟುನಿಟ್ಟಿನ ಟೆಸ್ಟ್ ಇರತ್ತೆ, ಅದು ಒಂದೇ ಸಲ, ಎಂಒಟಿ ಬೇರೆ.

2018ರ ಮೇ ತಿಂಗಳಿಂದ ದೋಷಗಳನ್ನ ಡೇಂಜರಸ್, ಮೇಜರ್, ಮೈನರ್ ಅಂತ ಮಾಡಿದಾರೆ. ಮೊದಲೆರಡು ಬಂದ್ರೆ ಫೇಲ್, ಮೈನರ್ ಇದ್ರೂ ಪಾಸ್. ಅದರ ಕೆಳಗೆ ಅಡ್ವೈಸರಿ (ಈಗ ಫೇಲ್ ಅಲ್ಲ, ಆದ್ರೆ ಗಮನ ಇಡಿ ಅನ್ನೋ ಸೂಚನೆ) ಅಂತ ಬರೆದಿರ್ತಾರಲ್ಲ, ನನ್ನ ಪ್ರಕಾರ ಓದಬೇಕಾದ್ದೇ ಅದು. ಸಸ್ಪೆನ್ಷನ್ ಬಾಲ್ ಜಾಯಿಂಟಲ್ಲಿ ಸ್ವಲ್ಪ ಪ್ಲೇ (ಸಡಿಲ ಅಲುಗಾಟ) ಇದೆ ಅಂತ ವರ್ಷವರ್ಷವೂ ಅದೇ ಸಾಲು ಬಂದಿದ್ರೆ ಓನರ್ ಅದನ್ನ ಮುಟ್ಟೇ ಇಲ್ಲ ಅಂತ ತಿಳ್ಕೊಳಿ. ಒಂದು ಸಲ ಫೇಲ್ ಆಗಿ ಮರುದಿನ ಪಾಸ್ ಆದ ಕಾರಿಗೆ ಹೆದರಬೇಕಿಲ್ಲ.

ಈ ಕಾರುಗಳಲ್ಲಿ ಮಾಮೂಲಿಯಾಗಿ ಸಿಗೋ ತೊಂದ್ರೆ ಅಂದ್ರೆ ಹೆಡ್‌ಲೈಟ್ ಏಮ್ (ಬೆಳಕು ಬೀಳೋ ದಿಕ್ಕು) ತಪ್ಪಿರೋದು, ಯಾಕಂದ್ರೆ ಲೈಟ್ ಬಾಡಿ ಒಳಗಿರಲ್ಲ, ಹೊರಗೆ ಬ್ರಾಕೆಟ್ ಮೇಲೆ ಕೂತಿರತ್ತೆ, ಕಾರ್ ತಳ್ಳೋವಾಗ ಯಾರಾದ್ರೂ ಅದನ್ನೇ ಹಿಡ್ಕೊಂಡ್ರೆ ತಿರುಗಿಬಿಡತ್ತೆ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ ಆಗಿ ಕನಿಷ್ಠ ಬೇಕಾದ 16 ಪರ್ಸೆಂಟ್ ಎಫಿಶಿಯೆನ್ಸಿ (ಕಾರಿನ ತೂಕಕ್ಕೆ ಹೋಲಿಸಿದ ಬ್ರೇಕ್ ಬಲ) ಬರದೆ ಫೇಲ್ ಆಗೋದೂ ಇದೆ. ಪಕ್ಕದಲ್ಲಿ ನೇತಾಡೋ ಸೈಲೆನ್ಸರ್‌ನ ರಬ್ಬರ್ ಮೌಂಟ್ ಹರಿಯತ್ತೆ, ಜಾಯಿಂಟಲ್ಲಿ ಹೊಗೆ ಲೀಕ್ ಆಗತ್ತೆ. ವಿಶ್‌ಬೋನ್ (ಚಕ್ರ ಹಿಡಿದಿಡೋ ಸಸ್ಪೆನ್ಷನ್ ತೋಳು) ಬುಷ್ ಸವೆಯತ್ತೆ. ಟೈರ್‌ದು ಬೇರೆ ಕಥೆ, ಬೇಸಿಗೇಲಿ ಮಾತ್ರ ಓಡೋ ಕಾರಾದ್ರಿಂದ ಕನಿಷ್ಠ ಬೇಕಾದ 1.6 ಮಿಲಿಮೀಟರ್ ಟ್ರೆಡ್ (ಟೈರ್ ಗೆರೆಗಳ ಆಳ) ಆರಾಮಾಗಿ ಇರತ್ತೆ, ಆದ್ರೆ ವಯಸ್ಸಾಗಿ ಸೈಡ್‌ವಾಲ್ ಬಿರುಕು ಬಿಟ್ಟಿರತ್ತೆ. ಸ್ಟೀರಿಂಗ್ ಪೂರ್ತಿ ತಿರುಗ್ಸಿದಾಗ ಬ್ರೇಕ್ ಹೋಸ್ ಎಲ್ಲಾದ್ರೂ ಉಜ್ಜತ್ತಾ ಅಂತ ನೀವೇ ಬಗ್ಗಿ ನೋಡ್ಬಹುದು.

ಇನ್ನೊಂದು ಮುಖ್ಯ ವಿಷಯ, ಟೆಸ್ಟರ್ ಯಾವ ಪಾರ್ಟನ್ನೂ ಬಿಚ್ಚಿ ನೋಡಲ್ಲ. ಸೆವೆನ್ ಅಂದ್ರೆ ಉಕ್ಕಿನ ಟ್ಯೂಬ್ ಫ್ರೇಮ್, ಅದರ ಮೇಲೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಶೀಟು. ಶೀಟ್ ಹಿಂದಿನ ತುಕ್ಕು ಎಂಒಟಿ ಪಾಸ್ ಆದ್ರೂ ಅಲ್ಲೇ ಇರಬಹುದು. ಹಾಗಾಗಿ ಕಾರ್ ನೋಡೋಕೆ ಹೋಗೋವಾಗ ಟಾರ್ಚ್ ತಗೊಂಡು ಹೋಗಿ, ಕಾರ್ಪೆಟ್ ಎತ್ತಿ ಕಾಲಿಡೋ ಜಾಗದ ಮೂಲೆಗಳನ್ನ ನೋಡಿ, ಜೋಡಿಸುವಾಗ ತೆಗೆದ ಫೋಟೋ ಇದ್ರೆ ಕೊಡಿ ಅಂತ ಓನರ್‌ನ ಕೇಳಿ.