ಓದುಗರು ಕೇಳಿದ ಮೊದಲ ಪ್ರಶ್ನೆಗೇ ಉತ್ತರ ಕೊಟ್ಟು ಕಳಿಸ್ಬೇಡಿ: ರೆಫರೆನ್ಸ್ ಡೆಸ್ಕಲ್ಲಿ ಮಾತಾಡಿಸೋದು ಹೇಗೆ

ಲೈಬ್ರರಿಯಲ್ಲಿ ಓದುಗರ ಪ್ರಶ್ನೆಗೆ ಉತ್ತರ ಕೊಡೋ ಕೌಂಟರ್, ಅಂದ್ರೆ ರೆಫರೆನ್ಸ್ ಡೆಸ್ಕ್ ಹತ್ರ ಯಾರಾದ್ರೂ ಬಂದು "ಮೆಡಿಕಲ್ ಪುಸ್ತಕ ಎಲ್ಲಿವೆ ಮೇಡಂ" ಅಂತ ಕೇಳಿದ್ರೆ ರ್ಯಾಕ್ ತೋರಿಸಿ ಕಳಿಸೋದು ಬಹಳ ಸುಲಭ, ಉತ್ತರಾನೂ ತಪ್ಪಲ್ಲ. ಆದ್ರೆ ಅವರು ಅಲ್ಲಿ ಹೋಗಿ ನಾಲ್ಕು ದಪ್ಪ ಪುಸ್ತಕ ತಿರುವಿ ಹಾಕಿ, ಏನೂ ತಲೆಗೆ ಹೋಗದೆ, ನಿಮಗೆ ಒಂದು ಮಾತೂ ಹೇಳದೆ ಹೊರಟುಹೋಗ್ತಾರೆ. ಹಾಗಾಗದಂಗೆ ತಡೆಯೋ ಎರಡು ಮೂರು ನಿಮಿಷದ ಮಾತುಕತೆನೇ ರೆಫರೆನ್ಸ್ ಇಂಟರ್ವ್ಯೂ.

ಜನ ಬೇಕಾಗಿದ್ದನ್ನ ನೇರವಾಗಿ ಯಾಕೆ ಕೇಳಲ್ಲ? ಅಮೆರಿಕದ ಗ್ರಂಥಾಲಯ ತಜ್ಞ ರಾಬರ್ಟ್ ಟೇಲರ್ 1968ರಲ್ಲಿ ಇದನ್ನ ನಾಲ್ಕು ಹಂತ ಮಾಡಿ ವಿವರಿಸಿದ್ರು. ಮೊದಲು ಮಾತಿಗೇ ಸಿಗದ ಒಂದು ತಳಮಳ, ಆಮೇಲೆ ತಲೇಲಿ ಅರೆಬರೆ ರೂಪ, ಆಮೇಲೆ ಬಿಡಿಸಿ ಹೇಳೋಕೆ ಬರೋ ಪ್ರಶ್ನೆ, ಕೊನೆಗೆ "ಲೈಬ್ರರಿಯಲ್ಲಿ ಇಂಥದ್ದು ಇರಬಹುದು" ಅಂತ ಅವರೇ ಊಹೆ ಮಾಡಿ ಕತ್ತರಿಸಿಕೊಂಡ ಪ್ರಶ್ನೆ. ನಮ್ಮ ಕಿವಿಗೆ ಬೀಳೋದು ಈ ನಾಲ್ಕನೇದು. ಅಲ್ಲಿಂದ ಹಿಂದಕ್ಕೆ ಹೋಗೋದೇ ನಮ್ಮ ಕೆಲಸ.

ಮಾತಿಗೆ ಮುಂಚೆ ಒಂದು ವಿಷಯ. ಸ್ಕ್ರೀನಿಂದ ತಲೆ ಎತ್ತಿ ನೋಡಿ. ನೀವು ಟೈಪ್ ಮಾಡ್ತಾ ಕೂತಿದ್ರೆ "ಪಾಪ ಬ್ಯುಸಿ ಇದ್ದಾರೆ" ಅಂತ ಹತ್ರಾನೇ ಬರಲ್ಲ, ಅದರಲ್ಲೂ ಮೊದಲ ಸಲ ಬಂದವರು.

ಈಗ ಪ್ರಶ್ನೆ ಕೇಳೋ ರೀತಿ, ಇಡೀ ವಿದ್ಯೆ ಇರೋದೇ ಇಲ್ಲಿ. ಶುರುವಲ್ಲಿ ಹೌದು-ಇಲ್ಲ ಅಂತ ಮುಗಿದುಹೋಗೋ ಪ್ರಶ್ನೆ ಬೇಡ. ಮೇಲಿನ ಉದಾಹರಣೇನೇ ತಗೊಳ್ಳಿ:

"ಇವೆ ಸಾರ್, ತೋರಿಸ್ತೀನಿ. ಯಾವ ವಿಷಯ ನೋಡ್ತಿದ್ದೀರಿ, ಸ್ವಲ್ಪ ಹೇಳ್ತೀರಾ?"
"ಕಣ್ಣಿನ ಬಗ್ಗೆ."
"ಕಣ್ಣಿನ ಬಗ್ಗೆ ಏನು ತಿಳ್ಕೋಬೇಕು ಅಂತಿದ್ದೀರಿ?"
"ಅಮ್ಮಂಗೆ ಮುಂದಿನ ವಾರ ಪೊರೆ ಆಪರೇಷನ್ ಇದೆ, ಮನೆಗೆ ಕರ್ಕೊಂಡ್ ಬಂದ್ಮೇಲೆ ಹೆಂಗೆ ನೋಡ್ಕೋಬೇಕು ಅಂತ..."

ನೋಡಿ, ಎರಡೇ ಪ್ರಶ್ನೆ. ಬೇಕಾಗಿರೋದು ವೈದ್ಯಕೀಯ ವಿದ್ಯಾರ್ಥಿಗಳು ಓದೋ ಪುಸ್ತಕ ಅಲ್ಲ, ರೋಗಿಯ ಮನೆಯವರಿಗೆ ಅಂತ ಸರಳವಾಗಿ ಬರೆದ ನಾಲ್ಕು ಪುಟ.

ಇಲ್ಲಿ "ಯಾಕೆ ಬೇಕು" ಅಂತ ಮಾತ್ರ ಕೇಳ್ಬೇಡಿ. ನಿಮ್ಮ ಮನಸ್ಸಲ್ಲಿ ಏನೂ ಇರಲ್ಲ, ಆದ್ರೆ ಕೇಳಿಸ್ಕೊಂಡವರಿಗೆ ವಿಚಾರಣೆ ಥರ ಅನಿಸುತ್ತೆ, ಕಾಯಿಲೆ, ಕೋರ್ಟು, ಡಿವೋರ್ಸ್ ಅಂಥ ವಿಷಯ ಆದ್ರಂತೂ "ಸುಮ್ನೆ ಕೇಳ್ದೆ" ಅಂತ ಹಿಂದೆ ಸರಿದುಬಿಡ್ತಾರೆ. ಬ್ರೆಂಡಾ ಡರ್ವಿನ್ ಮತ್ತು ಪೆಟ್ರೀಷಿಯಾ ಡ್ಯೂಡ್ನಿ ಅನ್ನೋ ಸಂಶೋಧಕರು 1986ರಲ್ಲಿ ಇದಕ್ಕೇ ಒಂದು ದಾರಿ ತೋರಿಸಿದ್ರು: ಯಾವ ಸಂದರ್ಭದಲ್ಲಿ ಈ ಪ್ರಶ್ನೆ ಬಂತು, ಎಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ, ಸಿಕ್ಕಿದ್ದನ್ನ ಹೇಗೆ ಬಳಸ್ತಾರೆ, ಈ ಮೂರರ ಸುತ್ತ ಕೇಳೋದು. "ಇದನ್ನ ಯಾವುದಕ್ಕೆ ಬಳಸ್ತೀರಿ ಅಂತ ಗೊತ್ತಾದ್ರೆ ಸರಿಯಾದ್ದು ಹುಡುಕೋಕೆ ನನಗೆ ಅನುಕೂಲ" ಅಂದ್ರೆ ಯಾರಿಗೂ ಬೇಜಾರಾಗಲ್ಲ, ಹೇಳೋದು ಬಿಡೋದು ಅವರಿಗೇ ಬಿಟ್ಟಂಗಾಗುತ್ತೆ. ಅವರು ಹೇಳೋವಾಗ ಮಧ್ಯ ಬಾಯಿ ಹಾಕ್ಬೇಡಿ, ಎರಡು ಸೆಕೆಂಡ್ ಸುಮ್ನಿದ್ರೆ ಮುಖ್ಯವಾದ ಮಾತು ಎಷ್ಟೋ ಸಲ ಆಗ್ಲೇ ಬರೋದು.

ವಿಷಯ ಗೊತ್ತಾದ್ಮೇಲೆ ಚಿಕ್ಕ ಪ್ರಶ್ನೆಗಳು: ಯಾವ ಭಾಷೆ, ಎಷ್ಟು ಆಳ, ಯಾವಾಗ ಬೇಕು, ಈಗಾಗ್ಲೇ ಏನೇನು ನೋಡಿದ್ದೀರಿ. ಆಮೇಲೆ ಅರ್ಥ ಆಗಿದ್ದನ್ನ ಒಂದ್ಸಲ ನಿಮ್ಮ ಮಾತಲ್ಲೇ ವಾಪಸ್ ಹೇಳಿ, ತಪ್ಪಿದ್ರೆ ಅವರೇ ತಿದ್ದುತ್ತಾರೆ.

ಹುಡುಕೋವಾಗ ಸ್ಕ್ರೀನ್ ಅವರ ಕಡೆ ತಿರುಗಿಸಿ, ಯಾವ ಪದ ಹಾಕ್ತಿದ್ದೀರಿ ಅಂತ ಹೇಳ್ತಾ ಹೋಗಿ. ಆನ್‌ಲೈನ್ ಚಾಟಲ್ಲಿ ಉತ್ತರ ಕೊಡೋದಾದ್ರೆ ನಿಮ್ಮ ಮುಖ ಕಾಣಲ್ಲ, ಅದಕ್ಕೆ "ಕ್ಯಾಟಲಾಗ್ ನೋಡ್ತಿದ್ದೀನಿ, ಮೂರು ನಿಮಿಷ" ಅಂತ ಆಗಾಗ ಬರೀತಾ ಇರಿ, ಇಲ್ಲಾಂದ್ರೆ ಕಾದು ಕಾದು ಚಾಟ್ ಮುಚ್ಚಿ ಹೋಗ್ತಾರೆ. ಆರೋಗ್ಯ, ಕಾನೂನು ವಿಷಯದಲ್ಲಿ ಪುಟ ತೆಗೆದುಕೊಡಿ, ಆದ್ರೆ "ಈ ಮಾತ್ರೆ ನಿಲ್ಲಿಸಬಹುದಾ" ಅನ್ನೋದಕ್ಕೆ ನೀವು ಉತ್ತರ ಹೇಳ್ಬೇಡಿ, ಅದು ಡಾಕ್ಟರ್ ಹೇಳೋ ಮಾತು. ದನಿನೂ ತಗ್ಗಿಸಿ, ಕ್ಯೂನಲ್ಲಿ ಹಿಂದೆ ನಿಂತವರಿಗೆ ಅವರಮ್ಮನ ಆಪರೇಷನ್ ವಿಷಯ ಯಾಕೆ ಗೊತ್ತಾಗ್ಬೇಕು.

ಪುಸ್ತಕ ಕೈಗೆ ಕೊಟ್ಟ ತಕ್ಷಣ ಕೆಲಸ ಮುಗೀತು ಅನ್ಕೋಬೇಡಿ. ಪೀಟರ್ ಹರ್ನನ್, ಚಾರ್ಲ್ಸ್ ಮೆಕ್ಲೂರ್ ಅನ್ನೋ ಸಂಶೋಧಕರು ಅಮೆರಿಕದ ಲೈಬ್ರರಿಗಳಲ್ಲಿ ಮಾಮೂಲಿ ಓದುಗರ ಥರ ಪ್ರಶ್ನೆ ಕೇಳಿಸಿ ಪರೀಕ್ಷೆ ಮಾಡಿ 1986ರಲ್ಲಿ ಬರೆದ ಪ್ರಕಾರ ಸರಿಯಾದ ಉತ್ತರ ಸಿಕ್ಕಿದ್ದು ಸುಮಾರು ಶೇಕಡಾ 55 ಸಲ ಮಾತ್ರ. ಉತ್ತರ ಕೊಟ್ಟವರಿಗೆ ತಪ್ಪಾಗಿದೆ ಅಂತ ಗೊತ್ತಾಗೋದಾದ್ರೂ ಹೇಗೆ, ತಿರುಗಿ ಕೇಳಿದ್ರೆ ತಾನೇ? ಅದಕ್ಕೆ ಹತ್ತು ನಿಮಿಷ ಬಿಟ್ಟು ಅವರು ಕೂತಿರೋ ಟೇಬಲ್ ಹತ್ರ ಹೋಗಿ "ನಿಮಗೆ ಬೇಕಾಗಿದ್ದು ಪೂರ್ತಿ ಸಿಕ್ತಾ" ಅಂತ ಕೇಳಿ. ಇಲ್ಲ ಅಂದ್ರೆ ಮೊದಲಿಂದ ಶುರು ಮಾಡಿ. ಬೇರೆ ಲೈಬ್ರರಿಗೆ ಕಳಿಸೋ ಪರಿಸ್ಥಿತಿ ಬಂದ್ರೆ ಮೊದಲು ನೀವೇ ಅಲ್ಲಿಗೆ ಫೋನ್ ಮಾಡಿ, ಆ ಪುಸ್ತಕ ಶೆಲ್ಫಲ್ಲಿ ಇದೆ ಅಂತ ಖಾತ್ರಿ ಮಾಡ್ಕೊಂಡು, ಯಾರನ್ನ ಕೇಳ್ಬೇಕು ಅನ್ನೋದನ್ನ ಚೀಟಿಯಲ್ಲಿ ಬರೆದುಕೊಡಿ.