ಪಿಯುಸಿ ಮುಗೀತು, ಮಹಿಳಾ ಕಾಲೇಜೋ ಎಲ್ಲರ ಕಾಲೇಜೋ? ಮಗಳ ಜೊತೆ ಕೂತು ಆರಿಸುವ ಬಗೆ

ಪಿಯುಸಿ ರಿಸಲ್ಟ್ ಬಂದ ವಾರ ಧಾರವಾಡದ ಮನೆಗಳಲ್ಲಿ ಒಂದೇ ಮಾತು. 'ಹೆಣ್ಣುಮಕ್ಕಳ ಕಾಲೇಜಿಗೆ ಹಾಕೋದೋ, ಎಲ್ಲಾರೂ ಕಲಿಯೋ ಕಾಲೇಜಿಗೋ?' ಅಪ್ಪ ಕೇಳುತ್ತಾರೆ, ಕಾಕಾ ಉತ್ತರ ಕೊಡುತ್ತಾರೆ. ಕಲಿಯಬೇಕಾದವಳು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ನಾನೂ ಹಾಗೆ ನಿಂತವಳೇ. ಬಿ.ಎ. ಮಹಿಳಾ ಕಾಲೇಜಿನಲ್ಲಿ ಓದಿದೆ, ಎಂ.ಎ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಮಗಳನ್ನು ಮೊದಲು ಒಳಗೆ ಕರೆದು ಕೂರಿಸಿ. ಆಮೇಲೆ ಮುಂದಿನದು.

ಮೊದಲು ವಿಷಯ

ಏನು ಓದಬೇಕು ಅನ್ನುವುದು ಗಟ್ಟಿಯಾದರೆ ಅರ್ಧ ಪ್ರಶ್ನೆ ತಾನೇ ಕರಗುತ್ತದೆ. ಕೃಷಿ ಪದವಿ ಬೇಕೆಂದು ಸಿಇಟಿ ಬರೆದು ಧಾರವಾಡದ ಕೃಷಿ ವಿವಿ ಸೇರುವವಳು ಹುಡುಗರ ಜೊತೆಗೇ ಕಲಿಯುತ್ತಾಳೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಅಂದರೆ ಎರಡು ದಾರಿ. ಅವಳಿಗೆ ಬೇಕಾದ ಕಾಂಬಿನೇಷನ್ ಯಾವ ಕಾಲೇಜಿನಲ್ಲಿದೆ, ಲ್ಯಾಬ್ ನಡೆಯುತ್ತದಾ, ಆ ವಿಷಯಕ್ಕೆ ಕಾಯಂ ಲೆಕ್ಚರರ್ ಇದ್ದಾರಾ, ಕೇಳಿ. ಇಷ್ಟವಿಲ್ಲದ ವಿಷಯ ಕೊಟ್ಟು ಸುರಕ್ಷಿತ ಕಟ್ಟಡದಲ್ಲಿ ಕೂರಿಸಿದರೆ ಅವಳಿಗೇನು ಸಿಕ್ಕಿತು?

ಇನ್ನೊಂದು ಮಾತು. ನಮ್ಮ ಕಡೆ ವಿಶ್ವವಿದ್ಯಾಲಯದ ಕ್ಯಾಂಪಸ್ ಅಂದರೆ ಹೆಚ್ಚಾಗಿ ಪಿ.ಜಿ. ಕರ್ನಾಟಕ ವಿವಿ ಹುಟ್ಟಿದ್ದು 1949ರಲ್ಲಿ. ಅದರದೇ ಆರ್ಟ್ಸ್ ಕಾಲೇಜು 1917ರದು, ಅಂದರೆ ವಿವಿಗಿಂತ ಹಳೆಯದು. ಡಿಗ್ರಿ ಆಗುವುದು ಇಂಥ ಕಾಲೇಜುಗಳಲ್ಲಿ. ಹಾಗಾಗಿ ಈಗಿನ ತೀರ್ಮಾನ ಮೂರು ವರ್ಷದ್ದು, ಜೀವನಪೂರ್ತಿಯದ್ದಲ್ಲ. ಕರ್ನಾಟಕ ವಿವಿ ಕ್ಯಾಂಪಸ್ ಇರುವ ಪಾವಟೆ ನಗರದ ಗುಡ್ಡ ಆಮೇಲೂ ಹತ್ತಬಹುದು.

ಮಾರ್ಕ್ಸ್ ಕಾರ್ಡ್ ಮೇಲೆ ಯಾರ ಹೆಸರು?

ಇದನ್ನು ಬಹಳ ಮಂದಿ ಕೇಳುವುದೇ ಇಲ್ಲ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು, ಈಗ ಅದು ಅಕ್ಕಮಹಾದೇವಿ ಮಹಿಳಾ ವಿವಿ. ಉತ್ತರ ಕರ್ನಾಟಕದ ಅನೇಕ ಮಹಿಳಾ ಕಾಲೇಜುಗಳು ಅದಕ್ಕೆ ಸೇರಿವೆ. ಅಂದರೆ ಕಾಲೇಜು ನಿಮ್ಮ ಊರಿನಲ್ಲೇ ಇದ್ದರೂ ಡಿಗ್ರಿ ವಿಜಯಪುರದ್ದಾಗಿರಬಹುದು. ಅದರಲ್ಲಿ ಕಡಿಮೆ ಏನೂ ಇಲ್ಲ. ಆದರೆ ಸಿಲೆಬಸ್ ಬೇರೆ, ಪರೀಕ್ಷೆ ತಾರೀಖು ಬೇರೆ. ನಡುವೆ ಕಾಲೇಜು ಬದಲಿಸುವುದು ಕಷ್ಟ, ಪಿ.ಜಿ.ಗೆ ಬೇರೆ ವಿವಿಗೆ ಹೋಗುವಾಗ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಅಡ್ಮಿಷನ್‌ಗೆ ಮೊದಲೇ ಆಫೀಸಿನಲ್ಲಿ ಕೇಳಿಕೊಳ್ಳಿ.

ದಾರಿಯನ್ನು ನಡೆದು ನೋಡಿ

ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಹಳ್ಳಿಯ ಹುಡುಗಿಗೆ ಕಾಲೇಜು ಶುರುವಾಗುವುದೇ ಬಸ್‌ಸ್ಟಾಪಿನಿಂದ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಚಿಂತೆ ತಪ್ಪಿದೆ. ಎಷ್ಟು ಮನೆಗಳಲ್ಲಿ ಅದರಿಂದಲೇ 'ಹೋಗು' ಅನ್ನುವ ಮಾತು ಬಂತೋ! ಉಳಿದದ್ದು ಹೊತ್ತಿನ ಲೆಕ್ಕ. ಪ್ರಾಕ್ಟಿಕಲ್ ಇರುವ ದಿನ ಎಷ್ಟಕ್ಕೆ ಬಿಡುತ್ತಾರೆ? ಊರಿಗೆ ಕೊನೆಯ ಬಸ್ ಎಷ್ಟಕ್ಕೆ? ಸ್ಟಾಪಿನಿಂದ ಗೇಟಿನ ತನಕ ಸಂಜೆ ಲೈಟ್ ಇರುತ್ತದಾ? ಅಪ್ಪ ಬೈಕಿನಲ್ಲಿ ಹೋಗಿ ನೋಡಿ ಬಂದರೆ ಇದು ತಿಳಿಯುವುದಿಲ್ಲ. ಮಗಳ ಜೊತೆ ಅದೇ ಬಸ್ಸಿನಲ್ಲಿ ಹೋಗಿ, ಅದೇ ದಾರಿ ನಡೆದು, ಅದೇ ಬಸ್ಸಿನಲ್ಲಿ ತಿರುಗಿ ಬನ್ನಿ.

ದೂರ ಜಾಸ್ತಿ ಅನಿಸಿದರೆ ಹಾಸ್ಟೆಲ್. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಅರ್ಜಿ ಆನ್‌ಲೈನ್. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ನನ್ನ ಕಾಲದಲ್ಲಿ ಆದಾಯ ಪತ್ರ ತಡವಾಗಿ ಕೈಗೆ ಬಂದು, ಹಾಸ್ಟೆಲ್ ಸೀಟು ಹೋಗಿ, ಒಂದು ವರ್ಷ ದಿನಾ ಎರಡು ಬಸ್ ಬದಲಿಸಿ ಓಡಾಡಿದೆ. ಆ ದಣಿವು ನಿಮ್ಮ ಮಗಳಿಗೆ ಬೇಡ.

ಕೆಲಸದ ದಿನ ಒಳಗೆ ಹೋಗಿ

ಗ್ಯಾದರಿಂಗ್ ದಿನ ಎಲ್ಲ ಕಾಲೇಜೂ ಚೆಂದ. ಮಂಗಳವಾರವೋ ಬುಧವಾರವೋ ಹೋಗಿ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದಾ, ಲೈಬ್ರರಿ ಎಷ್ಟರ ತನಕ ತೆರೆದಿರುತ್ತದೆ ನೋಡಿ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯವರ ಹೆಸರು, ನಂಬರ್ ಬೋರ್ಡಿನ ಮೇಲೆ ಹಾಕಿದ್ದಾರಾ? ಯುಜಿಸಿಯ 2015ರ ನಿಯಮದ ಪ್ರಕಾರ ಈ ಸಮಿತಿ ಇರಲೇಬೇಕು, ಹಿರಿಯ ಮಹಿಳಾ ಅಧ್ಯಾಪಕರೇ ಅದರ ಮುಖ್ಯಸ್ಥರಾಗಬೇಕು. ಘಟನೆ ಆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಇದನ್ನು ಮಗಳಿಗೆ ಹೇಳಿಡಿ. ಮಹಿಳಾ ಕಾಲೇಜಿನಲ್ಲೂ ಇದನ್ನು ಕೇಳಿ. ಅಲ್ಲೂ ಗಂಡಸರು ಕೆಲಸ ಮಾಡುತ್ತಾರೆ, ಅಲ್ವಾ?

ಓದುತ್ತಿರುವ ಇಬ್ಬರು ಹುಡುಗಿಯರ ಜೊತೆ ನಿಮ್ಮ ಮಗಳನ್ನು ಅರ್ಧ ಗಂಟೆ ಬಿಡಿ. ನೀವು ದೂರ ನಿಲ್ಲಿ.

ಎರಡರಲ್ಲೂ ನಾನು ಕಂಡದ್ದು

ಮಹಿಳಾ ಕಾಲೇಜಿನಲ್ಲಿ ಯೂನಿಯನ್ ಸೆಕ್ರೆಟರಿ ಹುಡುಗಿಯೇ, ಮೈಕ್ ಹಿಡಿಯುವವಳೂ ಅವಳೇ, ಬೆಂಚು ಹೊರುವವಳೂ ಅವಳೇ. 'ಇದು ಹುಡುಗರ ಕೆಲಸ' ಅನ್ನಲು ಅಲ್ಲಿ ಯಾರೂ ಇರಲಿಲ್ಲ. ನನ್ನ ಬಾಯಿ ಬಿಟ್ಟದ್ದು ಅಲ್ಲೇ. ಆದರೂ ಎಂ.ಎ.ಗೆ ಹೋದಾಗ ಸೆಮಿನಾರಿನಲ್ಲಿ ಹುಡುಗರ ಎದುರು ಮೂರು ತಿಂಗಳು ಸುಮ್ನೆ ಕೂತೆ. ಆಮೇಲೆ ವಾದ ಮಾಡುವುದನ್ನು ಕಲಿತೆ, ತಪ್ಪನ್ನು ಎದುರಿಗೇ ಹೇಳುವುದನ್ನೂ. ನಾಳೆ ಆಫೀಸಿನಲ್ಲಿ ಬೇಕಾಗುವುದು ಅದೇ. ಎಲ್ಲ ಸಮ ಇದ್ದರೆ ನಾನು ಎಲ್ಲರೂ ಕಲಿಯುವ ಕಾಲೇಜನ್ನೇ ಹೇಳುತ್ತೇನೆ.

ಎಲ್ಲ ಸಮ ಇರುವುದು ಅಪರೂಪ. 'ಹೆಣ್ಣುಮಕ್ಕಳ ಕಾಲೇಜು ಆದರೆ ಕಳಿಸ್ತೀವಿ, ಇಲ್ಲಾಂದ್ರ ಲಗ್ನ' ಅನ್ನುವ ಮನೆಗಳು ಈಗಲೂ ಇವೆ. ಅಲ್ಲಿನ ಹುಡುಗಿಗೆ ನನ್ನ ಮಾತು: ತಂಗಿ, ಆ ಸೀಟು ತಗೋ. ಮನಸ್ಸಿಟ್ಟು ಓದು, ಮುಂದಿನ ಬಾಗಿಲು ನೀನೇ ತೆರೆಯುವೆ.

ತೀರ್ಮಾನ ಆದ ಮೇಲೆ ಡಿಗ್ರಿ ಅರ್ಜಿ ರಾಜ್ಯದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಸೈಬರ್ ಸೆಂಟರಿಗೆ ಮಗಳೂ ಬರಲಿ, ಫಾರ್ಮ್ ಅವಳೇ ತುಂಬಲಿ. ಮೊಬೈಲ್ ನಂಬರ್ ಕೇಳಿದಾಗ ಕಾಕಾನದ್ದಲ್ಲ, ಅವಳದ್ದೇ ಕೊಡಿ.